ರಕ್ತ ಕೇಳುವ ಷಡ್ಡಕರು

ನನ್ನ ಷಡ್ಡಕರಿಗೆ ಕಂಡಕಂಡವರ ರಕ್ತದ ಮೇಲೆಲ್ಲ ಕಣ್ಣು. ಹೊಟ್ಟೆಕಿಚ್ಚಿಗೆ ಹೀಗೆ ಹೇಳುತ್ತಿದ್ದೇನೆ ಎನ್ನುತ್ತೀರಿ. ಹೊಟ್ಟೆಕಿಚ್ಚೂ ನಿಜ, ರಕ್ತದ ಮಾತೂ ನಿಜ.

ಅವರು ನನ್ನ ಹೆಂಡತಿಯ ಅಕ್ಕನ ಗಂಡ. ಮದರಾಸು ಚೆನ್ನೈ ಎಂದು ಹೆಸರು ಬದಲಿಸಿಕೊಂಡ ಹೊಸತರಲ್ಲಿ ನಾವಿಬ್ಬರೂ ಮೈಸೂರಿನಿಂದ ಇಲ್ಲಿಗೆ ಬಂದೆವು. ನಾನು ಪ್ಯಾರೀಸ್ ಕಾರ್ನರ್‌ನಲ್ಲಿ ಹಡಗಿನ ಸರಕು ಬಿಡಿಸುವ ಕಚೇರಿಗೆ, ಅವರು ನುಂಗಂಬಾಕ್ಕಂನ ಒಂದು ಸಂಶೋಧನಾ ಸಂಸ್ಥೆಗೆ. ಮುಪ್ಪಿನಲ್ಲಿ ನೆನಪು ಸವೆಯುವ ಕಾಯಿಲೆ ಇದೆಯಲ್ಲ, ಡಿಮೆನ್ಷಿಯಾ, ಅದು ಕೆಲವು ಮನೆತನಗಳಲ್ಲೇ ಏಕೆ ಹರಿದುಬರುತ್ತದೆ ಎಂದು ಹುಡುಕುವ ಕೆಲಸ. ಒಂದು ಆಸ್ಪತ್ರೆಯ ರೋಗಿಗಳು ಅದಕ್ಕೆ ಯಾವ ಮೂಲೆಗೂ ಸಾಲರು. ಹತ್ತಾರು ಊರು, ನಾಲ್ಕಾರು ದೇಶಗಳ ವೈದ್ಯರು ತಂತಮ್ಮ ರೋಗಿಗಳ ಮತ್ತು ಅವರ ನೆಂಟರ ರಕ್ತವನ್ನು ಒಂದೆಡೆ ಕೂಡಿಸಬೇಕು. ಆ ವೈದ್ಯರನ್ನೆಲ್ಲ ಕೂಡಿಸುವವರು ನಮ್ಮ ಷಡ್ಡಕರು. ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವುದಕ್ಕೂ ಸಂಬಳವಿದೆಯೆಂದು ನನಗೆ ತಿಳಿದದ್ದೇ ಆಗ.

ಅತ್ತೆ ಇದ್ದದ್ದು ಟಿ. ನಗರದ ನಮ್ಮ ಮನೆಯಲ್ಲಿ. ಊಟ ನಮ್ಮಲ್ಲಿ, ಹೊಗಳಿಕೆ ಅವರಿಗೆ. "ದೊಡ್ಡ ಅಳಿಯಂದ್ರು ಪ್ರಪಂಚಾನೇ ಒಂದು ಮಾಡ್ತಿದಾರೆ," ಎನ್ನುತ್ತ ನಾನು ತಂದ ಬದನೆಕಾಯಿಯಲ್ಲಿ ಹುಳ ಹುಡುಕುತ್ತಿದ್ದರು.

ಒಮ್ಮೆ ನೆಂಟರ ಮದುವೆಯಲ್ಲಿ ಷಡ್ಡಕರು ಗಂಡಿನ ಕಡೆಯ ಮುದುಕರ ಪಕ್ಕ ಎಲೆ ಹಾಕಿಸಿಕೊಂಡು, "ನಿಮ್ಮ ತಾತನೋರಿಗೆ ಕೊನೆಗಾಲದಲ್ಲಿ ಮರೆವಿತ್ತಾ?" ಎಂದು ಕೇಳಿದರು. ತಾಳಿ ಕಟ್ಟಿ ಇನ್ನೂ ಒಂದು ಗಂಟೆಯಾಗಿರಲಿಲ್ಲ! ಹೆಣ್ಣಿನ ತಂದೆಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಮುದುಕರು ಮಾತ್ರ ಯೋಚಿಸಿ, "ತಾತ ನಮ್ಮಜ್ಜಿ ಹೆಸರೇ ಮರೆತುಬಿಡೋರು. ಪಕ್ಕದ್ಮನೆ ಕಮಲಮ್ಮನ ಹೆಸರು ಚೆನ್ನಾಗಿ ನೆನಪಿತ್ತು," ಎಂದರು.

ಷಡ್ಡಕರು ನಗಲಿಲ್ಲ. "ಯಾವ ವಯಸ್ಸಿಂದ?" ಎಂದು ಕೇಳಿದರು.

ಇನ್ನೊಮ್ಮೆ ರಕ್ತದ ಡಬ್ಬಿಯನ್ನು ಡ್ರೈ ಐಸ್ ತುಂಬಿದ ಪೆಟ್ಟಿಗೆಯಲ್ಲಿಟ್ಟು ಆಟೋದಲ್ಲಿ ಹೊರಟಿದ್ದರು. ಪೆಟ್ಟಿಗೆಯಿಂದ ಬಿಳಿ ಹೊಗೆ. ಚಾಲಕ ತಿರುಗಿ, "ಉಳ್ಳೆ ಎನ್ನ ಸಾರ್?" ಎಂದ. ಒಳಗೇನಿದೆ ಎಂದರೆ ಹಣ್ಣು ಎನ್ನಬಾರದೆ? ಈ ಸತ್ಯಸಂಧರು "ರತ್ತಂ" ಎಂದರು. ಚಾಲಕ ಆಟೋವನ್ನು ನಡುರಸ್ತೆಯಲ್ಲೇ ಬಿಟ್ಟು ಓಡಿದ. ಇವರು ಪೆಟ್ಟಿಗೆ ಹೊತ್ತು ಬಿಸಿಲಲ್ಲಿ ನಡೆದರು. ಅದನ್ನು ಮನೆಮಂದಿ ಇಂದಿಗೂ ಪುರಾಣದ ಹಾಗೆ ಹೇಳುತ್ತಾರೆ. ಅದೇ ಕೆಲಸ ನಾನು ಮಾಡಿದ್ದರೆ? ಪೆದ್ದ ಎನ್ನುತ್ತಿದ್ದರು.

ನನ್ನನ್ನು ನಿಜವಾಗಿ ಸುಟ್ಟದ್ದು ದೋಸೆಯ ಪ್ರಸಂಗ. ಇಬ್ಬರು ಪ್ರೊಫೆಸರರು ಲೇಖನದಲ್ಲಿ ಯಾರ ಹೆಸರು ಮೊದಲು ಎಂದು ಜಗಳವಾಡಿ, ತಮ್ಮ ರಕ್ತದ ಮಾದರಿಗಳನ್ನು ಕೊಡುವುದಿಲ್ಲ ಎಂದು ಕೂತಿದ್ದರು. ಷಡ್ಡಕರು ಇಬ್ಬರನ್ನೂ ಉಡುಪಿಯವರ ಹೋಟೆಲಿಗೆ ಕರೆದರು. ಬಿಟ್ಟಿ ತಿಂಡಿಯೆಂದು ನಾನೂ ಹೋದೆ. ಇಬ್ಬರ ನಡುವೆ ಮೇಜಿನಗಲದ ಒಂದೇ ರೋಸ್ಟ್ ದೋಸೆ ಬಂತು.

"ಎಂತ ಸಾರ್, ಇನ್ನೊಂದು ಹಾಕ್ಸುವುದಾ?" ಎಂದರು ಮಾಲೀಕರು.

"ಬೇಡ. ಒಂದೇ ಇರ್ಲಿ," ಎಂದರು ಷಡ್ಡಕರು.

ಪ್ರೊಫೆಸರರು ಆಚೆ ತುದಿಯಿಂದೊಬ್ಬರು, ಈಚೆ ತುದಿಯಿಂದೊಬ್ಬರು ಮುರಿಯತೊಡಗಿದರು. ನಡುವಿಗೆ ತಲುಪುವಷ್ಟರಲ್ಲಿ ಹೆಸರುಗಳು ಅಕ್ಷರಮಾಲೆಯ ಕ್ರಮದಲ್ಲೇ ಇರಲೆಂದು ಒಪ್ಪಿದ್ದರು.

ನನ್ನ ಮಗಳು ಕೂಡ, "ಪೆರಿಯಪ್ಪಾ ಸೂಪರ್‌ಪಾ," ಎಂದು ದೊಡ್ಡಪ್ಪನನ್ನು ತಮಿಳಿನಲ್ಲಿ ಹೊಗಳಿ ನನ್ನ ಗಾಯಕ್ಕೆ ಉಪ್ಪು ಸವರಿದಳು. ನಾನೂ ಬಿಡಲಿಲ್ಲ. ಕಚೇರಿಯಲ್ಲಿ ಮುಖ ತಿರುಗಿಸಿಕೊಂಡಿದ್ದ ಇಬ್ಬರು ಗುಮಾಸ್ತರ ಮುಂದೆ ಅಂಥದೇ ದೋಸೆ ಇರಿಸಿದೆ. ಒಬ್ಬ ತನಗೆ ಮಸಾಲೆ ಬೇಕೆಂದ, ಇನ್ನೊಬ್ಬ ಏಕಾದಶಿ ಎಂದ. ದೋಸೆ ನಾನೇ ತಿಂದೆ.

ಕೆಲವು ವರ್ಷಗಳಾದ ಮೇಲೆ ಅತ್ತೆ ಒಲೆ ಆರಿಸಲು ಮರೆಯತೊಡಗಿದರು. ಆಮೇಲೆ ದೇವಸ್ಥಾನದಿಂದ ಮನೆಯ ದಾರಿ ಮರೆತರು. ವೈದ್ಯರು ಕಾಯಿಲೆಯ ಹೆಸರು ಹೇಳುವ ಮೊದಲೇ ನಮಗೆಲ್ಲ ಅದು ಗೊತ್ತಿತ್ತು.

ಅವರ ರಕ್ತವೂ ಸಂಶೋಧನೆಗೆ ಬೇಕಾಯಿತು. ಹೆಣ್ಣುಮಕ್ಕಳಿಬ್ಬರೂ ಒಪ್ಪಿದರು. ಆದರೆ ರೋಗಿಗೆ ತಿಳಿಯುವಂತೆ ಹೇಳಿ, ಅವರನ್ನೂ ಕೇಳಿಯೇ ತೀರಬೇಕೆಂಬುದು ಷಡ್ಡಕರೇ ಎಲ್ಲರೊಡನೆ ಗುದ್ದಾಡಿ ತಂದ ನಿಯಮ. ಆ ಬೆಳಿಗ್ಗೆ ರಕ್ತ ತೆಗೆಯುವ ನರ್ಸ್ ಜೊತೆ ಬಂದವರು, ಸೋಫಾದ ತುದಿಯಲ್ಲಿ ಕೂತೇ ಇದ್ದರು. ಕೊನೆಗೆ ನನ್ನ ಕಡೆ ತಿರುಗಿದರು.

"ನೀವು ಕೇಳ್ತೀರಾ? ನನ್ನಿಂದ ಆಗ್ತಿಲ್ಲ."

ನಾನು ಅತ್ತೆಯ ಪಕ್ಕ ಕೂತೆ. "ಅಮ್ಮ, ಈ ಮರೆವು ಯಾಕೆ ಬರತ್ತೆ ಅಂತ ತಿಳ್ಕೊಳ್ಳೋಕೆ ನಿಮ್ಮ ರಕ್ತ ಸ್ವಲ್ಪ ಬೇಕಂತೆ. ಕೊಡ್ತೀರಾ?"

"ಕೊಟ್ರೆ ನನಗೆ ವಾಸಿ ಆಗತ್ತಾ?"

ನಾನು ಹೌದೆನ್ನುವವನಿದ್ದೆ. ಸೋಫಾದಿಂದ ಷಡ್ಡಕರ ದನಿ ಬಂತು: "ಇಲ್ಲಮ್ಮ. ಮುಂದೆ ಬರೋರಿಗೆ ಆಗಬಹುದು."

ಅತ್ತೆ, "ಮಕ್ಕಳಿಗೆ ತಾನೆ, ತಗೊಳ್ಳಿ," ಎಂದು ತೋಳು ಚಾಚಿದರು. ನರ್ಸ್ ಸೂಜಿ ಚುಚ್ಚಿದಾಗ ಅವರು ನನ್ನ ಕಿವಿಯ ಬಳಿ ಬಾಗಿ ಪಿಸುಗುಟ್ಟಿದರು: "ಅಲ್ಲಿ ಕೂತಿರೋರು ಯಾರು? ಪಾಪ, ಕಣ್ಣೊರೆಸ್ಕೊಳ್ತಿದಾರೆ."

"ನಿಮ್ಮ ದೊಡ್ಡ ಅಳಿಯಂದ್ರು, ಅಮ್ಮ. ಅಂಥವರು ಸಿಗೋದಿಲ್ಲ." ಹೇಳಿದವನು ನಾನೇ.

"ಹೌದಾ?" ಎಂದರು ಅತ್ತೆ. "ಹಾಗಿದ್ರೆ ಊಟ ಮಾಡ್ಕೊಂಡು ಹೋಗೋಕೆ ಹೇಳಿ."