ಕೆಂಪು ಪಟ್ಟಿಯ ಸಾಲು

ಬೀಜದಪ್ಪನಿಗೆ ಆ ದಿನ ಕಂಟಕ ಬಂದದ್ದು ಆರು ಮುಸುಕಿನ ಜೋಳದ ಗಿಡಗಳಿಂದ. ಅವು ಅವನ ಹೊಲದವೂ ಅಲ್ಲ. ಬೇಲಿಯಾಚೆ, ನಿವೃತ್ತ ಪೋಸ್ಟ್‌ಮ್ಯಾನ್ ತಾತನ ಹಿತ್ತಲಲ್ಲಿದ್ದವು. ಬೆಳಿಗ್ಗೆ ಏಣಿ ಹತ್ತಿ ನೋಡಿದರೆ ಆರಕ್ಕಾರೂ ನೆತ್ತಿಯ ಮೇಲೆ ಗಂಡು ಹೂವಿನ ಗೊಂಚಲು, ಅಂದರೆ ಸೂಲಂಗಿ, ಬಿಟ್ಟುಕೊಂಡು ನಿಂತಿದ್ದವು.

ಮಿಶ್ರತಳಿ ಬೀಜದ ಕೆಲಸವೇ ತಲೆನೋವಿನದು. ನಾಲ್ಕು ಹೆಣ್ಣು ಸಾಲಿಗೆ ಒಂದು ಗಂಡು ಸಾಲು. ಹೆಣ್ಣು ಸಾಲಿನ ಸೂಲಂಗಿ ಕಿತ್ತುಹಾಕಬೇಕು. ಗಂಡು ಸಾಲಿನ ಪರಾಗವೇ ಅವುಗಳ ತೆನೆಗೆ ಬಿದ್ದು ಕಾಳು ಕಟ್ಟಬೇಕು. ಇನ್ನೂರು ಮೀಟರಿನೊಳಗೆ ಬೇರೆ ಜೋಳ ಹೂ ಬಿಟ್ಟರೆ ಪ್ರಮಾಣಪತ್ರ ಇಲ್ಲ. ಹಿಂದಿನ ಎರಡು ವರ್ಷವೂ ಹೊಲ ತಿರಸ್ಕೃತವಾಗಿತ್ತು. ಮೂರನೆಯ ಸಲವೂ ಹಾಗಾದರೆ ಪರವಾನಗಿಯೇ ರದ್ದು, ಬೀಜ ಬಿಟ್ಟರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಹೊಲದ ತಪಾಸಣೆಗೆ ಬೀಜ ಇನ್ಸ್‌ಪೆಕ್ಟರು ಬರುವುದು ನಾಲ್ಕು ಗಂಟೆಗೆ.

"ಆರೇ ಆರು ಗಿಡ ಕಣಪ್ಪ," ಎಂದರು ತಾತ. "ನಮ್ಮವಳು ಹಾಸಿಗೆ ಹಿಡಿದು ವರ್ಷವಾಯ್ತು. ಕಿಟಕೀಲಿ ಅವಳಿಗೆ ಕಾಣೋದು ಅಷ್ಟೇ."

"ಪರಾಗ ಅದನ್ನೆಲ್ಲ ಕೇಳಲ್ಲ ತಾತ. ಸೂಲಂಗಿ ಅಂದ್ರೆ ನನ್ನ ಪಾಲಿನ ಯಮ. ಒಂದು ಉಳಿದ್ರೂ ನಾನು ಸತ್ತೆ."

ಒಳಗಿನಿಂದ ಅಜ್ಜಿಯ ಸಣ್ಣ ದನಿ ಬಂತು. "ಕತ್ತರಿಸ್ಕೊಳ್ಳಲಿ ಬಿಡಿ. ಪಾಪ, ಅವನ ಹೊಟ್ಟೆ ಮೇಲೆ ಯಾಕೆ ಹೊಡೀಬೇಕು?"

ಕತ್ತರಿಸಿದ. ಕಿಟಕಿಯ ಕಡೆ ನೋಡಲು ಮುಖವಿರಲಿಲ್ಲ.

ಬೀದಿಗೆ ಬೀದಿಯೇ ಬೇಲಿಯ ಬಳಿ ನೆರೆಯಿತು. "ಮೊದಲೇ ಹೇಳಿದ್ರೆ ಆರಕ್ಕೂ ಟೋಪಿ ಹೊಲಿದು ಹಾಕ್ತಿದ್ನಲ್ಲಯ್ಯ," ಎಂದ ದರ್ಜಿ. ಆ ಹಾಳು ಉಪಾಯ ತನಗೆ ಯಾಕೆ ಹೊಳೆಯಲಿಲ್ಲವೆಂದು ಬೀಜದಪ್ಪ ಹಣೆ ಚಚ್ಚಿಕೊಂಡ. ಅಷ್ಟರಲ್ಲಿ ಫೋನು ಬಂತು, ಇನ್ಸ್‌ಪೆಕ್ಟರ ಜೀಪು ಕೂಡುರಸ್ತೆಯಲ್ಲಿ ಕೆಟ್ಟು ನಿಂತಿದೆ ಎಂದು. ಅವರನ್ನು ಕರೆತರಲು ಅವನು ಸ್ಕೂಟರ್ ಹತ್ತಿದ.

"ದಮ್ಮಯ್ಯ, ಹೊಲದಲ್ಲಿ ಎಲ್ಲಾದ್ರೂ ಸೂಲಂಗಿ ಕಂಡ್ರೆ ಕಿತ್ತಾಕಿ," ಎಂದು ಕೂಗಿ ಹೊರಟ.

ಇನ್ಸ್‌ಪೆಕ್ಟರು ಮುಕ್ಕಾಲು ಎಕರೆಯನ್ನೂ ಈ ತುದಿಯಿಂದ ಆ ತುದಿಗೆ ನಡೆದರು. ತೆನೆಗಳಲ್ಲಿ ಪರಾಗ ಹಿಡಿಯುವ ರೇಷ್ಮೆಯೆಳೆ ಆವತ್ತು ತಾನೇ ಹೊರಬಂದಿತ್ತು.

"ಒಂದೂ ಇಲ್ಲ. ಇಪ್ಪತ್ತು ವರ್ಷದಲ್ಲಿ ಇಷ್ಟು ಶುದ್ಧವಾದ ಹೊಲ ನೋಡಿಲ್ಲ ಕಣ್ರೀ."

ಎರಡು ವರ್ಷದಲ್ಲಿ ಮೊದಲ ಸಲ ಬೀಜದಪ್ಪ ನಕ್ಕ.

"ಅದ್ಸರಿ, ಗಂಡು ಸಾಲು ಯಾವುದು?"

"ಅದೇ ಸಾರ್, ತುದೀಲಿ ಕೆಂಪು ಪಟ್ಟಿ ಕಟ್ಟಿರೋ..." ಬೀಜದಪ್ಪ ತೋರಿಸಲು ಆ ಕಡೆ ತಿರುಗಿದ. ಕೆಂಪು ಪಟ್ಟಿಯ ಸಾಲುಗಳೂ ಬೋಳಾಗಿದ್ದವು.

ತಾತ ಬೆವರು ಒರೆಸಿಕೊಳ್ಳುತ್ತ ಬಂದರು. "ಆ ಸಾಲುಗಳನ್ನ ನೀನು ಮುಟ್ಟೇ ಇರ್ಲಿಲ್ಲ ಕಣಪ್ಪ. ಕೆಂಪು ಅಂದ್ರೆ ಅಪಾಯ ಅಲ್ವಾ, ಮೊದಲು ಅವನ್ನೇ ಬೋಳಿಸಿದ್ವಿ. ನಮ್ಮವಳೇ ಕಳಿಸಿದ್ದು, ಕೈಲಾದಷ್ಟು ಮಾಡಿ ಬನ್ನಿ ಅಂತ."

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಇನ್ನೂರು ಮೀಟರಿನೊಳಗೆ ಪರಾಗಕ್ಕೆ ಉಳಿಯಬಹುದಾಗಿದ್ದ ಆರು ಸೂಲಂಗಿಗಳನ್ನೂ ಬೆಳಿಗ್ಗೆ ಅವನೇ ತನ್ನ ಕೈಯಾರೆ ಕತ್ತರಿಸಿದ್ದ.

ಇನ್ಸ್‌ಪೆಕ್ಟರು ಪೆನ್ನು ತೆಗೆದು ಸಹಿ ಹಾಕಿದರು. "ಕಲಬೆರಕೆ ಪರಾಗ ಇಲ್ಲ ಅಂತ ಬರ್ದಿದ್ದೀನಿ, ಅದು ನಿಜಾನೇ. ಕಾಳು ಕಟ್ಟಿದ್ರೆ ಹೇಳಿ ಕಳಿಸಿ, ಮೂಟೆಗೆ ಪ್ರಮಾಣದ ಚೀಟಿ ಹಚ್ಚೋಕೆ ಬರ್ತೀನಿ."

ಬೀಜದಪ್ಪ ಕಾಗದ ಹಿಡಿದು ಬದುವಿನ ಮೇಲೆ ಕುಸಿದ. ಅಳು ಬಂತು. ಬೈಯೋಣವೆಂದರೆ ಯಾರನ್ನು ಬೈಯುವುದು? ತಾತ ಪಕ್ಕದಲ್ಲಿ ಕೂತು ಬೆನ್ನು ಸವರಿದರು.

"ಅಳಬೇಡ. ಇನ್ನೂ ಏನಾದ್ರೂ ಕೀಳೋದಿದ್ರೆ ಹೇಳು, ಕತ್ತಲಾಗೋದ್ರೊಳಗೆ ಮುಗಿಸಿಬಿಡೋಣ."