ಒಂದೇ ಕೋಣೆಯ ಬೇಸಿಗೆ

ಈ ಚಳಿಗಾಲದಲ್ಲಿ ನಮ್ಮ ಮನೆಯೊಳಗೆ ಬೇಸಿಗೆಯನ್ನು ಸ್ಥಾಪಿಸುತ್ತೇನೆ ಎಂದು ನಾನು ಘೋಷಿಸಿದಾಗ, ನರ್ಸ್ ಆಗಿರುವ ನನ್ನ ಹೆಂಡತಿ ರಾತ್ರಿ ಪಾಳಿ ಮುಗಿಸಿ ಬಂದು ಶೂ ಬಿಚ್ಚುತ್ತಿದ್ದಳು. ಬೇಸಿಗೆ ಇಡೀ ಮನೆಗಲ್ಲ, ಒಂದೇ ಒಂದು ಕೋಣೆಗೆ. ಮನೆಯನ್ನೆಲ್ಲ ಕಾಯಿಸುವುದೆಂದರೆ ಕೆರೆಗೆ ಸಕ್ಕರೆ ಸುರಿದು ಕಲಕಿದ ಹಾಗೆ. ಜಾಣನಾದವನು ತಾನು ಕೂರುವಷ್ಟು ಜಾಗವನ್ನು ಮಾತ್ರ ಬೆಚ್ಚಗೆ ಮಾಡಿಕೊಳ್ಳುತ್ತಾನೆ. ಹೀಗೆಲ್ಲ ವಿವರಿಸುತ್ತಿದ್ದೆ. ಅವಳು ಎರಡನೆಯ ಶೂ ಬಿಚ್ಚಿ, "ಆ ಜಾಣರು ಯಾವಾಗ ಬರ್ತಾರಂತೆ?" ಎಂದು ಕೇಳಿ ಮಲಗಲು ಹೋದಳು.

ನನಗೆ ಯಾಕೆ ಇಷ್ಟು ಹುರುಪು ಎಂದು ನೀವು ಕೇಳಬೇಕು, ನಾನು ಹೇಳಬೇಕು. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಹೇಳುತ್ತಿದ್ದವನು ನಾನು. ನನ್ನ ದನಿಯನ್ನು ಇನ್ನೊಂದು ಸಲ ಕೇಳಲೆಂದೇ ಬಸ್ಸು ಬಿಟ್ಟುಕೊಟ್ಟವರಿದ್ದರು ಎನ್ನುವುದು ನನ್ನ ನಂಬಿಕೆ. ಆ ದನಿ ಕೇಳಿ ಬೆಂಚಿನ ಮೇಲೆ ತೂಕಡಿಸಿ ಬಸ್ಸು ತಪ್ಪಿಸಿಕೊಂಡರು ಎನ್ನುವುದು ಹೆಂಡತಿಯ ವಾದ. ಹೇಗೂ ಆ ಜಾಗಕ್ಕೆ ಈಗ ಯಂತ್ರ ಬಂದು ಕೂತಿದೆ. ನಾನು ಮನೆಗೆ ಬಂದು ಕೂತೆ. ಅಂದಿನಿಂದ ಅವಳು ರಾತ್ರಿ ಪಾಳಿಯನ್ನೇ ಕೇಳಿ ಪಡೆದು ದುಡಿಯುತ್ತಿದ್ದಳು, ಅದಕ್ಕೆ ಸಂಬಳ ಸ್ವಲ್ಪ ಹೆಚ್ಚು ಎಂದು. ಬೆಳಕು ಹರಿದ ಮೇಲೆ ಮಲಗಿ, ಬೀದಿಯ ಗಲಾಟೆಗೆ ಹತ್ತು ಸಲ ಎದ್ದು, ಕಣ್ಣ ಕೆಳಗೆ ಕಪ್ಪು ಕಟ್ಟಿಕೊಂಡು ತಿರುಗುತ್ತಿದ್ದಳು.

ಅಂಥ ಹೊತ್ತಿನಲ್ಲಿ ಒಂದು ಕಂಪನಿ ನನ್ನನ್ನು ಕರೆಯಿತು. ಕೆಲಸಗಾರರು ಕಿವಿಯಲ್ಲೇ ಕೇಳಿ ಕಲಿಯುವ ಪಾಠಗಳನ್ನು ಅವರು ಮಾಡುತ್ತಾರೆ. ಮನೆಯಲ್ಲೇ ಕೂತು ಓದಿ, ರೆಕಾರ್ಡ್ ಮಾಡಿ ಕಳಿಸಿದರಾಯಿತು. ಪರೀಕ್ಷೆಗೆಂದು ಒಂದು ಪಾಠ ಕೊಟ್ಟರು. ಅದು ಒಪ್ಪಿಗೆಯಾದರೆ ಚಳಿಗಾಲದುದ್ದಕ್ಕೂ ಕೆಲಸ, ಹೆಂಡತಿಗೆ ಹಗಲಿನ ಪಾಳಿ. ಪಾಠದ ಹೆಸರು, 'ರಾತ್ರಿ ಕಾವಲುಗಾರರು ಎಚ್ಚರವಾಗಿರುವುದು ಹೇಗೆ?'

ಗಂಟಲು ಬೆಚ್ಚಗಿದ್ದರೆ ದನಿ ಬೆಣ್ಣೆಯಂತಿರುತ್ತದೆ ಎನ್ನುವುದು ನನ್ನ ಸಿದ್ಧಾಂತ. ಆದ್ದರಿಂದ ಇಸ್ತ್ರಿ ಮೇಜು, ಮುರಿದ ಕುರ್ಚಿ, ಹಳೆಯ ಟ್ರಂಕುಗಳು ವಾಸವಾಗಿದ್ದ ಸಣ್ಣ ಕೋಣೆಯನ್ನು ಆರಿಸಿಕೊಂಡೆ. ಕಿಟಕಿಯ ಸಂದಿಗೆ ಕಾಗದ ತುರುಕಿ ಟೇಪು ಹಚ್ಚಿದೆ. ಬಾಗಿಲ ಕೆಳಗೆ ಟವೆಲನ್ನು ಸುರುಳಿ ಸುತ್ತಿ ಇಟ್ಟೆ. ಮನೆಯಲ್ಲಿದ್ದ ರಜಾಯಿ, ಕಂಬಳಿಗಳನ್ನೆಲ್ಲ ತಂದು ನಾಲ್ಕು ಗೋಡೆಗೂ ಉದ್ದಕ್ಕೆ ಇಳಿಬಿಟ್ಟೆ. ಕಾವೂ ಹೊರಗೆ ಹೋಗದು, ಸದ್ದೂ ಒಳಗೆ ಬಾರದು. ನಡುವೆ ಒಂದು ಪುಟ್ಟ ಹೀಟರ್, ಅದರ ಎದುರು ಮೈಕು ಹಿಡಿದು ಸಿಂಹಾಸನದ ಮೇಲೆ ನಾನು. ಸಿಂಹಾಸನ ಅಂದರೆ ಅದೇ ಮುರಿದ ಕುರ್ಚಿ.

ಮರುದಿನ ಬೆಳಿಗ್ಗೆ ಹೆಂಡತಿ ಬಂದು ನೋಡುತ್ತಾಳೆ, ಹಾಸಿಗೆ ಬೋಳಾಗಿದೆ.

"ರೀ, ನನ್ನ ರಜಾಯಿ ಎಲ್ಲಿ?"

"ಕೆಲಸದ ಮೇಲಿದೆ ಕಣೇ."

"ನಾನೂ ಕೆಲಸದ ಮೇಲಿಂದಲೇ ಬಂದಿದೀನಿ. ಈಗ ನಾನು ಗೋಡೆಗೆ ಒರಗಿ ಮಲಗ್ಲಾ?"

ಅಷ್ಟರಲ್ಲಿ ಕಂಪನಿಯ ಮೇಡಂ ಫೋನು ಬಂತು, ನಾನು ಬಚಾವಾದೆ. ಹಿಂದಿನ ಸಂಜೆ ಮಾದರಿಗೆಂದು ತುಸು ಓದಿ ಕಳಿಸಿದ್ದೆ, ಅದನ್ನು ಅವರು ಕೇಳಿದ್ದರು. ದನಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. "ಸರ್, ನಿಮ್ಮ ಹಿಂದೆ ಜೇನುಗೂಡು ಏನಾದ್ರೂ ಇದೆಯಾ?" ಎಂದು ಕೇಳಿದರು. ಹೀಟರಿನ ಗುಂಯ್‌ಗುಟ್ಟುವಿಕೆ. ಓದುವಾಗ ಅದನ್ನು ಆರಿಸಲೇಬೇಕು, ಪಾಠ ಇವತ್ತು ಸಂಜೆಯೊಳಗೆ ಬೇಕೇ ಬೇಕು ಎಂದು ಹೇಳಿ ಇಟ್ಟುಬಿಟ್ಟರು.

ಹೀಟರ್ ಆರಿದರೆ ಬೆಣ್ಣೆ ಗಟ್ಟಿಯಾಗುತ್ತದೆ. ಏನು ಮಾಡಲಿ ಎಂದು ಸುತ್ತ ನೋಡಿದೆ. ಹೆಂಡತಿ ಆಕಳಿಸುತ್ತ ನಿಂತಿದ್ದಳು. ಅತ್ತೆ, ಅಂದರೆ ಅವಳ ತಾಯಿ, ಎರಡು ಸ್ವೆಟರು ಹಾಕಿಕೊಂಡು ಸೋಫಾದಲ್ಲಿ ಮುದುಡಿದ್ದರು. ಅವರ ಮಡಿಲಲ್ಲಿ ನಮ್ಮ ಬೆಕ್ಕು, ದೊರೆ ಎಂದು ಅದರ ಹೆಸರು. ನನ್ನ ತಲೆಯಲ್ಲಿ ದೀಪ ಹತ್ತಿತು. ಮನುಷ್ಯರೆಂದರೇನು? ಸದ್ದಿಲ್ಲದ, ಕರೆಂಟು ಬೇಡದ, ತಾವೇ ನಡೆದು ಬರುವ ಹೀಟರುಗಳು!

ಹೆಂಡತಿಯನ್ನು ಒಪ್ಪಿಸುವುದು ಸುಲಭವಾಯಿತು, ರಜಾಯಿ ಎಲ್ಲಿದೆಯೋ ಅವಳು ಅಲ್ಲಿಗೆ ಬರಲೇಬೇಕಿತ್ತು. ಟ್ರಂಕುಗಳನ್ನು ಸಾಲಾಗಿಟ್ಟು ಮೇಲೆ ಹಾಸಿಗೆ ಹಾಸಿಕೊಟ್ಟೆ. ಅತ್ತೆಯ ಹತ್ತಿರ ಮಾತ್ರ ಎಚ್ಚರಿಕೆಯಿಂದ ವಿಷಯ ತೆಗೆದೆ. ನೀವು ಬಂದು ಸುಮ್ಮನೆ ಕೂತರೆ ಸಾಕು ಎಂದೆ.

"ಸುಮ್ಮನೆ ಕೂರೋಕೆ ನನ್ನನ್ನ ಕರೀತಿದೀರಾ ಅಳಿಯಂದ್ರೇ? ನನ್ನನ್ನೇನು ಒಲೆ ಅಂದ್ಕೊಂಡ್ರಾ?"

"ಛೆ ಛೆ. ನೀವಿದ್ರೆ ನನಗೊಂದು ಧೈರ್ಯ ಅಂತ. ಆದ್ರೆ ಅತ್ತೆ, ಅಕಸ್ಮಾತ್ ನಿದ್ದೆ ಬಂದ್ರೆ... ಗೊರಕೆ ಗಿರಕೆ..."

"ಗೊರಕೆ? ನಮ್ಮ ವಂಶದಲ್ಲೇ ಇಲ್ಲ."

ಟ್ರಂಕಿನ ಮೇಲಿಂದ ಹೆಂಡತಿ ಒಂದು ಕಣ್ಣು ತೆರೆದು ನನ್ನನ್ನು ನೋಡಿ, ಮತ್ತೆ ಮುಚ್ಚಿದಳು. ಅದರ ಅರ್ಥ ನನಗೆ ಆಗಲೇ ಹೊಳೆಯಬೇಕಿತ್ತು.

ಹೀಟರ್ ಆರಿಸಿ ಓದಲು ಕೂತೆ. ಆಹಾ, ಆ ಮಧ್ಯಾಹ್ನವನ್ನು ಹೇಗೆ ವರ್ಣಿಸಲಿ? ಕಿಟಕಿಯ ಬಿಸಿಲು ಕಿತ್ತಳೆ ಬಣ್ಣದ ರಜಾಯಿಯ ಒಳಗಿಂದ ಸೋಸಿ ಬರುತ್ತಿತ್ತು. ಹಣ್ಣಿನ ತೊಳೆಯೊಳಗೆ ಕೂತ ಹಾಗೆ. ದೊರೆ ನನ್ನ ಪಾದದ ಮೇಲೆ ಸುರುಳಿಯಾದ. ಹೆಂಡತಿಯ ಉಸಿರು, ಅತ್ತೆಯ ಉಸಿರು, ಬೆಕ್ಕಿನ ಉಸಿರು ಮೂರೂ ಸೇರಿ ಕೋಣೆಯೇ ಮೆಲ್ಲಗೆ ಉಬ್ಬಿ ಇಳಿಯುವಂತೆ ಕಾಣುತ್ತಿತ್ತು. 'ಕಾವಲುಗಾರನು ಆಗಾಗ ಎದ್ದು ಗೋದಾಮಿನ ಸುತ್ತ ನಡೆಯಬೇಕು' ಎಂದು ಓದಿದೆ. ಅಕ್ಷರಗಳೂ ಬೆಚ್ಚಗಾಗಿ ಒಂದರ ಹೆಗಲ ಮೇಲೊಂದು ಒರಗತೊಡಗಿದವು. ಮುಂದೆ ಏನೇನು ಓದಿದೆನೋ ಆ ದೇವರೇ ಬಲ್ಲ. ಒಮ್ಮೆ ರೆಪ್ಪೆ ಬಡಿದಂತಾಯಿತು. ಕಣ್ಣು ತೆರೆದರೆ ಕಿತ್ತಳೆ ಬೆಳಕೆಲ್ಲ ಹೋಗಿ ಕೋಣೆ ಬೂದು ಬಣ್ಣಕ್ಕೆ ತಿರುಗಿತ್ತು. ಫೋನು ಕಿರುಚುತ್ತಿತ್ತು. "ಸರ್, ಎಲ್ಲಿ ಪಾಠ?" ಎಂದು ಮೇಡಂ ಕೇಳಿದರು. ಕೇಳಿ ನೋಡಲು ಎಲ್ಲಿದೆ ಪುರುಸೊತ್ತು? ಇದ್ದದ್ದನ್ನು ಇದ್ದ ಹಾಗೆ ಕಳಿಸಿಬಿಟ್ಟೆ.

ಮರುದಿನ ಬೆಳಿಗ್ಗೆ ಟೀ ಕುಡಿಯುವಾಗ ಮತ್ತೆ ಫೋನು ಬಂತು. ಮನೆಯವರೆಲ್ಲ ನನ್ನ ಪಟ್ಟಾಭಿಷೇಕವನ್ನು ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ.

"ಸರ್, ನೀವು ಕಳಿಸಿದ್ದನ್ನ ಮೀಟಿಂಗಲ್ಲಿ ಹಾಕಿದ್ವಿ. ನೀವೂ ಒಂದ್ಸಲ ಕೇಳಿ" ಎಂದು ಮೇಡಂ ಅದನ್ನು ಹಚ್ಚಿದರು.

ನನ್ನದೇ ದನಿ, ಆದರೆ ಜೇನಿನಲ್ಲಿ ಅದ್ದಿ ತೆಗೆದಂತಿದೆ. ಕಾವಲುಗಾರ ಗೋದಾಮಿನ ಸುತ್ತ ನಡೆಯುತ್ತಾನೆ. ನಡೆಯುತ್ತಾ ನಡೆಯುತ್ತಾ ಒಂದು ಮೋಡ ಎದುರಾಗುತ್ತದೆ. ಅಯ್ಯಾ ಕಾವಲುಗಾರ, ಒಳಗೆ ಏನಿದೆ ಅಂತ ಕಾಯ್ತಿದೀಯ ಎಂದು ಮೋಡ ಕೇಳುತ್ತದೆ. ನನಗೇ ಗೊತ್ತಿಲ್ಲವಪ್ಪ ಎಂದು ಅವನು ಬಾಗಿಲು ತೆರೆಯುತ್ತಾನೆ. ನೋಡಿದರೆ ಊರಿನವರ ನಿದ್ದೆಯನ್ನೆಲ್ಲ ಮಡಿಸಿ ಮಡಿಸಿ ರಜಾಯಿಗಳ ಹಾಗೆ ಪೇರಿಸಿಟ್ಟಿದೆ. ಎಲ್ಲರೂ ಸಂಜೆ ಬಂದು ತಮ್ಮ ತಮ್ಮದನ್ನು ಒಯ್ಯುತ್ತಾರೆ. ಮೂಲೆಯಲ್ಲಿ ಒಂದು ದೊಡ್ಡ ಗಂಟು ಮಾತ್ರ ಹಾಗೇ ಉಳಿದಿದೆ. ಯಾರದು ಎಂದು ಮೋಡ ಕೇಳುತ್ತದೆ. ಒಬ್ಬ ನರ್ಸಮ್ಮನದು, ಪಾಪ, ಅವಳಿಗೆ ಬಂದು ಒಯ್ಯಲು ಬಿಡುವೇ ಇಲ್ಲ, ನಾನೇ ಹೊತ್ತುಕೊಂಡು ಹೋಗಿ ಕೊಟ್ಟು ಬರ್ತೀನಿ ಎನ್ನುತ್ತಾನೆ ಕಾವಲುಗಾರ. ಗಂಟನ್ನು ಹೆಗಲಿಗೆ ಏರಿಸುತ್ತಾನೆ. ಆಮೇಲೆ...

ಆಮೇಲೆ ಗೊರಕೆ. ಲಾರಿಯೊಂದು ಏರು ಹತ್ತಲಾರದೆ ಹಿಂದೆ ಸರಿದು, ಗೇರು ಬದಲಿಸಿ, ಮತ್ತೆ ಏರಿ, ತುದಿಯಲ್ಲಿ ಸೀಟಿ ಹೊಡೆದಂಥ ಗೊರಕೆ.

ಹೆಂಡತಿ ಟೀ ಲೋಟವನ್ನು ಹಿಡಿದುಕೊಂಡೇ ಇದ್ದಳು, ಕುಡಿಯಲಿಲ್ಲ. ಅತ್ತೆ ಬಹಳ ಬೇಸರದಿಂದ ಬೆಕ್ಕಿನ ಕಡೆ ನೋಡಿದರು.

"ಆ ಕಾವಲುಗಾರ ಗಂಟು ತಲುಪಿಸಿದ್ನಾ ಸರ್?" ಎಂದು ಮೇಡಂ ಕೇಳಿದರು. "ಅರ್ಧ ಜನ ಅದನ್ನೇ ಕೇಳ್ತಿದಾರೆ. ಇನ್ನರ್ಧ ಜನ ಮೀಟಿಂಗಲ್ಲೇ ಮಲಗಿಬಿಟ್ರು."

"ಗೊತ್ತಿಲ್ಲ ಮೇಡಂ. ಅಷ್ಟರಲ್ಲಿ ನಾನೂ..."

"ಇದು ಎಚ್ಚರದ ಪಾಠ ಸರ್. ನಾಳೆವರೆಗೆ ಇನ್ನೊಂದೇ ಅವಕಾಶ." ಫೋನು ಇಡುವ ಮುಂಚೆ ಅವರು ಮತ್ತೆ ಶುರು ಮಾಡಿದರು. "ಅಂದ ಹಾಗೆ, ಆ ಗೊರಕೆ ಯಾರದ್ದು? ಡ್ಯೂಟಿ ಮೇಲೆ ಮಲಗಿದ್ರೆ ಹೇಗಿರುತ್ತೆ ಅಂತ ತೋರಿಸೋಕೆ ಎಷ್ಟು ದಿನದಿಂದ ಇಂಥದ್ದನ್ನೇ ಹುಡುಕ್ತಿದ್ವಿ. ನಮಗದು ಖಂಡಿತ ಬೇಕು. ದುಡ್ಡೂ ಕೊಡ್ತೀವಿ."

ನಾನು ಬಾಯಿ ತೆರೆಯುವ ಮುಂಚೆ ಅತ್ತೆ ಸೆರಗಿನಂತೆ ಶಾಲು ಸರಿಪಡಿಸಿಕೊಂಡು ಫೋನಿನ ಹತ್ತಿರ ಬಾಗಿದರು.

"ಅದು ಗೊರಕೆ ಅಲ್ಲಮ್ಮ, ಅಭಿನಯ. ನಾನೇ ಬೇಕಂತ ಮಾಡಿದ್ದು."

ಫೋನು ಇಟ್ಟ ಮೇಲೆ ಹೆಂಡತಿ ನನ್ನ ಪಾಠದ ಹಾಳೆ, ಮೈಕು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿ ಕಿಟಕಿ ತೆರೆದಳು. ಚಾಕುವಿನಂಥ ಗಾಳಿ ಒಳಗೆ ಬಂತು. ನನ್ನ ಸ್ವೆಟರು ಬಿಚ್ಚಿಸಿ, ಸಿಂಕಿನ ಪಕ್ಕ ನಿಲ್ಲಿಸಿದಳು. "ಈಗ ಓದಿ. ಕುರ್ಚಿ ಇಲ್ಲ" ಎಂದಳು. ಓದಿದೆ. ಹಲ್ಲು ಕಚ್ಚಿ, ಮೈಯ ಒಂದೊಂದು ಕೂದಲನ್ನೂ ನಿಮಿರಿಸಿಕೊಂಡು, ಬೇಗ ಮುಗಿದರೆ ಸಾಕಪ್ಪಾ ಎಂದು ಓದಿದೆ. ಪಾಠ ಆ ಸಂಜೆಯೇ ಒಪ್ಪಿಗೆಯಾಯಿತು. ಈ ದನಿ ಕೇಳಿದರೆ ಯಾವ ಕಾವಲುಗಾರನೂ ಕಣ್ಣು ಮುಚ್ಚಲಾರ, ಇನ್ನು ಮುಂದೆ ಎಲ್ಲ ಪಾಠವನ್ನೂ ಅದೇ ಜಾಗದಲ್ಲಿ ನಿಂತೇ ಓದಬೇಕು ಎಂದು, ನಾನು ಎಲ್ಲಿ ಹೇಗೆ ಓದಿದೆನೆಂದು ವಿಚಾರಿಸಿಕೊಂಡ ಮೇಡಂ ಕಟ್ಟಪ್ಪಣೆ ಮಾಡಿದರು.

ಹೀಗಾಗಿ ಹೆಂಡತಿಗೆ ಹಗಲಿನ ಪಾಳಿ ಸಿಕ್ಕಿದೆ. ರಾತ್ರಿ ತನ್ನ ಹಾಸಿಗೆಯಲ್ಲಿ, ತನ್ನ ರಜಾಯಿಯಲ್ಲಿ ಮಲಗುತ್ತಾಳೆ. ಒಮ್ಮೆ ದೀಪ ಆರಿಸಿದ ಮೇಲೆ, "ಗಂಟು ತಲುಪಿತು ಅಂತ ನಿಮ್ಮ ಕಾವಲುಗಾರಂಗೆ ಹೇಳಿ" ಎಂದಳು. ನಾನು ಉತ್ತರಿಸುವಷ್ಟರಲ್ಲಿ ನಿದ್ದೆ ಹೋಗಿದ್ದಳು.

ನಾನು ಸ್ಥಾಪಿಸಿದ ಬೇಸಿಗೆಯೂ ಇದೆ. ನಿನ್ನೆ ಒಂದು ಪಾಠ ಮುಗಿಸಿ, ನೀಲಿಗಟ್ಟಿದ ಬೆರಳುಗಳನ್ನು ಕಾಯಿಸಿಕೊಳ್ಳೋಣವೆಂದು ಆ ಕೋಣೆಯ ಬಾಗಿಲನ್ನು ತುಸು ತೆರೆದೆ. ಹೀಟರ್ ಗುಂಯ್‌ಗುಡುತ್ತಿತ್ತು. ಅತ್ತೆಯ ಗೊರಕೆಯ ಮುಂದೆ ಅದು ಯಾರಿಗೂ ಕೇಳಿಸುವುದಿಲ್ಲವೆಂದು ಕಂಪನಿಯೇ ಅನುಮತಿ ಕೊಟ್ಟಿದೆ. ನನ್ನ ಸಿಂಹಾಸನದಲ್ಲಿ ಅತ್ತೆ, ಅವರ ಮಡಿಲಲ್ಲಿ ದೊರೆ, ಎದುರಿಗೆ ಹೊಸ ಮೈಕು.

ಅತ್ತೆ ಕಣ್ಣು ತೆರೆಯದೆಯೇ ಹೇಳಿದರು, "ಅಳಿಯಂದ್ರೇ, ಬಾಗಿಲು ಹಾಕ್ಕೊಂಡು ಹೋಗಿ. ಕಾವು ಹೋಗುತ್ತೆ. ನಾನು ಕೆಲಸದಲ್ಲಿದೀನಿ."