ನೇಕಾರ ಗ್ಲೌಸು ಕೊಂಡದ್ದು

ಗೊತ್ತಿಲ್ಲದ ವಿಷಯದಲ್ಲಿ ಮನುಷ್ಯ ಮೋಸ ಹೋಗುವುದು ಕಡಿಮೆ. ಗೊತ್ತಿಲ್ಲವಲ್ಲ, ಹಾಗಾಗಿ ನಾಲ್ಕು ಜನರನ್ನು ಕೇಳುತ್ತಾನೆ, ಅಂಗಡಿಯವನು ಹೇಳಿದ್ದಕ್ಕೆ ತಲೆಯಾಡಿಸುತ್ತಾನೆ, ಹೆಂಡತಿಯ ಮಾತಿಗೂ ಒಂದಿಷ್ಟು ಕಿವಿಗೊಡುತ್ತಾನೆ. ಅವನು ಮುಗ್ಗರಿಸುವುದು ತನಗೆ ಚೆನ್ನಾಗಿ ಗೊತ್ತು ಎಂದುಕೊಂಡ ವಿಷಯದಲ್ಲೇ. ನಮ್ಮ ಬೀದಿಯಲ್ಲಿ ಮದುವೆ ಅಡುಗೆಯವರ ಮನೆಯ ಉಪ್ಪಿಟ್ಟು ತಳ ಹಿಡಿದದ್ದನ್ನು ಕಂಡಿದ್ದೇನೆ. ಗಡಿಯಾರ ರಿಪೇರಿ ಮಾಡುವವರ ಮಗಳ ಮದುವೆಯಲ್ಲಿ ಮುಹೂರ್ತ ಮೀರಿದ್ದನ್ನೂ ಕಂಡಿದ್ದೇನೆ. ಆಗೆಲ್ಲ ಹೊಟ್ಟೆ ತುಂಬ ನಕ್ಕವನು ನಾನು. ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ ಹುಟ್ಟಿ, ಐವತ್ತೆರಡು ವರ್ಷ ನೂಲಿನ ನಡುವೆಯೇ ಬದುಕಿ, ಬಟ್ಟೆಯ ವಿಷಯದಲ್ಲಿ ಯಾರ ಮಾತನ್ನೂ ಕೇಳದ ನಾನು ಮಳೆ ಚಳಿಗೆಂದು ಒಂದು ಜೊತೆ ಗ್ಲೌಸು ಕೊಳ್ಳಲು ಹೋಗಿ ಏನಾದೆ ಎಂಬುದನ್ನು ಈಗ ಹೇಳಿಕೊಳ್ಳಬೇಕು. ನಗುವ ಸರದಿ ನಿಮ್ಮದು.

ನನ್ನದೂ ನನ್ನ ಹೆಂಡತಿ ಸಾವಿತ್ರಿಯದೂ ಒಂದೇ ಕಸುಬು, ಅಚ್ಚು ಕೆಚ್ಚುವುದು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ ಹಾಸು ಮುಗಿಯುತ್ತಾ ಬಂದಾಗ ಅದರ ಕೊನೆಯ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು. ಸಾವಿರಾರು ರೇಷ್ಮೆ ಎಳೆ, ಒಂದೊಂದೂ ಕೂದಲಿಗಿಂತ ಸಣ್ಣ. ಹೆಬ್ಬೆರಳಿಗೂ ತೋರುಬೆರಳಿಗೂ ಚೂರು ಬೂದಿ ಹಚ್ಚಿಕೊಂಡು, ಹಳೆಯದೊಂದು ಹೊಸದೊಂದು ಹಿಡಿದು, ಒಂದು ಹೊಸೆತ. ಮುಗಿಯಿತು, ಮುಂದಿನದು. ಇದರಲ್ಲಿ ಕಣ್ಣಿಗಿಂತ ಬೆರಳಿಗೇ ಹೆಚ್ಚು ಕೆಲಸ. ಬೆರಳು ಮರಗಟ್ಟಿತೆಂದರೆ ಎಳೆ ಇದೆಯೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ, ಸುಮ್ಮನೆ ಗಾಳಿಯನ್ನು ಹೊಸೆಯುತ್ತಾ ಕೂರಬೇಕಾಗುತ್ತದೆ.

ಈ ಸಲ ತ್ಯಾಮಗೊಂಡ್ಲಿಗೆ ಸ್ವಲ್ಪ ಈಚೆ, ಮುನಿರಾಜಣ್ಣ ಎಂಬುವರು ತಮ್ಮ ತೆಂಗಿನ ತೋಟದ ಮಗ್ಗುಲಲ್ಲೇ ಹನ್ನೆರಡು ಮಗ್ಗದ ಹೊಸ ಶೆಡ್ಡು ಹಾಕಿದರು. ಹನ್ನೆರಡು ಮಗ್ಗ ಎಂದರೆ ನಮ್ಮಿಬ್ಬರಿಗೆ ವರ್ಷಪೂರ್ತಿ ಕೈತುಂಬ ಕೆಲಸ. ಆದರೆ ಅವರು ಮೊದಲೇ ಒಂದು ಮಾತು ಹೇಳಿಬಿಟ್ಟರು. ಬೆಳಿಗ್ಗೆ ಏಳಕ್ಕೆ ಕೂರಬೇಕು, ಮಧ್ಯಾಹ್ನದ ಹೊತ್ತಿಗೆ ಮಗ್ಗ ಓಡಬೇಕು. ಸಂಕ್ರಾಂತಿವರೆಗೆ ನೋಡುತ್ತೇನೆ, ಸರಿಹೋದರೆ ನೀವೇ ಖಾಯಂ, ಇಲ್ಲದಿದ್ದರೆ ಎಳೆಗೆ ಗಂಟು ಹಾಕುವ ಮಿಷಿನ್ ಬಂದಿದೆಯಂತಲ್ಲ, ಅದನ್ನು ತರಿಸುತ್ತೇನೆ. ನಾವು ಒಪ್ಪಿಕೊಂಡೆವು. ಕೆಲಸ ನಮಗೆ ಹೊಸದಲ್ಲ. ಹೊಸದಾಗಿದ್ದದ್ದು ದಾರಿ. ನಮ್ಮ ಹಳೆಯ ಮೊಪೆಡ್ಡಿನಲ್ಲಿ ಅದು ಒಂದು ಗಂಟೆಗೂ ಮೇಲೆ ಹಿಡಿಯುವ ದಾರಿ, ಅದೂ ಕಾರ್ತೀಕ ಮಾಸದಲ್ಲಿ.

ಕಾರ್ತೀಕದ ನಮ್ಮ ಮಳೆಯ ಬಗ್ಗೆ ಎರಡು ಮಾತು ಹೇಳಬೇಕು. ಅದು ನಮ್ಮದಲ್ಲ, ಮದ್ರಾಸಿನದು. ಅಲ್ಲೆಲ್ಲೋ ಸಮುದ್ರದಲ್ಲಿ ಚಂಡಮಾರುತ ಏಳುತ್ತದೆ, ಅಲ್ಲಿಯವರಿಗೆ ಧೋ ಎಂದು ಸುರಿದು ಮುಗಿಸುತ್ತದೆ, ಉಳಿದ ಸೋರಿಕೆಯನ್ನೆಲ್ಲ ತಂದು ನಮ್ಮ ತಲೆಯ ಮೇಲೆ ವಾರಗಟ್ಟಲೆ ಜಿನುಗಿಸುತ್ತದೆ. ಮಳೆ ಎನ್ನುವಷ್ಟು ಜೋರಿಲ್ಲ, ಇಲ್ಲ ಎನ್ನುವಂತೆಯೂ ಇಲ್ಲ. ಅದರ ಜೊತೆಗೆ ನಂದಿ ಬೆಟ್ಟದ ಕಡೆಯಿಂದ ಬೀಸುವ ಗಾಳಿ. ಮೈಗೆ ಮಳೆಕೋಟು ಇದೆ, ತಲೆಗೆ ಹೆಲ್ಮೆಟ್ಟು ಇದೆ, ಹ್ಯಾಂಡಲ್ ಹಿಡಿದ ಹತ್ತು ಬೆರಳಿಗೆ ಮಾತ್ರ ಯಾರೂ ದಿಕ್ಕಿಲ್ಲ. ಮೊದಲ ದಿನ ಶೆಡ್ಡು ಮುಟ್ಟಿ ಕೈ ಬಿಡಿಸಲು ನೋಡಿದರೆ ಬೆರಳುಗಳು ಹ್ಯಾಂಡಲ್ ಹಿಡಿದ ಭಂಗಿಯಲ್ಲೇ ನಿಂತುಬಿಟ್ಟಿದ್ದವು. ಟೀ ಲೋಟ ಅಪ್ಪಿಕೊಂಡೆ, ಕಂಕುಳಲ್ಲಿಟ್ಟುಕೊಂಡೆ, ಊದಿದೆ, ಉಜ್ಜಿದೆ. ಹಿಂದೆ ಕೂತಿದ್ದ ಸಾವಿತ್ರಿಗೆ ನನ್ನ ಬೆನ್ನೇ ಗೋಡೆಯಾಗಿತ್ತಾದ್ದರಿಂದ ಅವಳಾಗಲೇ ನೂರಿನ್ನೂರು ಎಳೆ ಸೇರಿಸಿದ್ದಳು. ನಾನು ಕೂತಾಗ ಎಂಟು ದಾಟಿತ್ತು. ಮುನಿರಾಜಣ್ಣ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿ, ಸಿಟ್ಟೇನೂ ಇಲ್ಲದೆ, “ಮಿಷಿನ್‌ಗೆ ಚಳಿ ಆಗಲ್ಲ ಕಣಪ್ಪಾ,” ಅಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅಂದಿನಿಂದ ನನ್ನ ಗ್ಲೌಸು ಪುರಾಣ ಆರಂಭವಾಯಿತು. ಟೀ ಅಂಗಡಿಯಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು, ಊರಿನವರೆಲ್ಲ ವೈದ್ಯರಾದರು. ಹಾಲಿನ ಕವರು ಕಟ್ಟಿಕೋ ಎಂದರು ಒಬ್ಬರು. ಕಟ್ಟಿಕೊಂಡೆ. ಹೊರಗಿನ ನೀರು ಒಳಗೆ ಬರಲಿಲ್ಲ ನಿಜ, ಒಳಗಿನ ಬೆವರು ಹೊರಗೆ ಹೋಗಲಿಲ್ಲ. ಅದೂ ಅಲ್ಲದೆ ಕೈಯಲ್ಲಿ ಹಾಲಿನ ವಾಸನೆ ಬಂದು ದಾರಿಯುದ್ದಕ್ಕೂ ನಾಯಿಗಳು ಅತಿಯಾದ ವಿಶ್ವಾಸ ತೋರಿಸಿದವು. ನಾದಿನಿ ಹೆಣೆದುಕೊಟ್ಟಿದ್ದ ಉಲ್ಲನ್ ಗ್ಲೌಸು ಹಾಕಿಕೊಂಡೆ. ಅದು ದಾರಿಯಲ್ಲಿ ಬಿದ್ದ ಮಳೆಯನ್ನೆಲ್ಲ ಕುಡಿದು ಒಂದೊಂದು ಕೈಯೂ ಅರ್ಧ ಸೇರು ತೂಕ ಬಂತು. ಕೊನೆಗೆ ಸಾವಿತ್ರಿ ಪಾತ್ರೆ ತೊಳೆಯುವ ಗುಲಾಬಿ ಬಣ್ಣದ ರಬ್ಬರ್ ಗ್ಲೌಸು. ಅದು ಪೂರ್ತಿ ನೀರು ತಡೆಯಿತು, ಚಳಿಯನ್ನು ಒಂದು ಚೂರೂ ತಡೆಯಲಿಲ್ಲ. ಟೋಲ್ ಹತ್ತಿರ ನಿಂತಿದ್ದ ಬಸ್ಸಿನ ಕಿಟಕಿಗಳಿಂದ ಜನ ನನ್ನನ್ನೇ ನೋಡಿದ್ದನ್ನು ವಿವರಿಸಲಾರೆ.

ದೇವನಹಳ್ಳಿ ಕಡೆ, ವಾರದ ಕೊನೆಗೆ ಬೆಟ್ಟಕ್ಕೆ ಬರುವ ದೊಡ್ಡ ಬೈಕಿನವರಿಗೆಂದೇ ಒಂದು ಅಂಗಡಿ ಇದೆ ಎಂದು ಯಾರೋ ಹೇಳಿದರು. ಹೋದೆ, ಒಬ್ಬನೇ ಹೋದೆ. ಗಾಜಿನ ಬಾಗಿಲ ಆ ಅಂಗಡಿಯ ಮುಂದೆ ಮೊಪೆಡ್ಡು ನಿಲ್ಲಿಸಲು ಸಂಕೋಚವಾಗಿ ಆಚೆ ಹೊಂಗೆ ಮರದ ಹಿಂದೆ ನಿಲ್ಲಿಸಿದೆ. ಅಂಗಡಿಯವರು ಗಡ್ಡ ಬಿಟ್ಟ ಸಭ್ಯ ಮನುಷ್ಯ. ಯಾವ ಬೈಕು ಸಾರ್ ಎಂದು ಕೇಳಿದರು. ಹಳೆಯದು ಎಂದೆ. ಹಳೆಯ ಬೈಕುಗಳಿಗೆ ಈಗ ಭಾರಿ ಬೆಲೆಯಂತೆ, ಅವರ ಕಣ್ಣಲ್ಲಿ ನನ್ನ ಬಗ್ಗೆ ಗೌರವ ಮೂಡಿತು. ನಾನು ಅದಕ್ಕೆ ಅಡ್ಡಿ ಮಾಡಲಿಲ್ಲ.

ಅವರು ಮಳೆ ಚಳಿ ಎರಡಕ್ಕೂ ಆಗುವಂಥ ಒಂದು ಜೊತೆ ತಂದಿಟ್ಟು ವಿವರಿಸತೊಡಗಿದರು. ಹೊರಗೆ ಗಟ್ಟಿ ಬಟ್ಟೆ, ನಡುವೆ ನೀರು ತಡೆಯುವ ತೆಳುವಾದ ಪದರ, ಒಳಗೆ ಬೆಚ್ಚನೆಯ ಅಸ್ತರಿ, ಮಣಿಕಟ್ಟಿನ ಮೇಲೆ ಉದ್ದ ಪಟ್ಟಿ. ಕೋಟಿನ ತೋಳಿನೊಳಗೆ ಅದನ್ನು ತೂರಿಸಿಕೊಂಡರೆ ತೋಳಿನ ಮೇಲೆ ಇಳಿದ ನೀರು ಕೈಯೊಳಕ್ಕೆ ಹೋಗುವುದಿಲ್ಲ ಎಂದರು. ಒಳ್ಳೆಯ ಮಾತುಗಳೇ. ಆದರೆ ನನ್ನ ಕೈಗೆ ಬಟ್ಟೆ ಸಿಕ್ಕಮೇಲೆ ಕಿವಿ ಕೆಲಸ ಮಾಡುವುದಿಲ್ಲ. ಎರಡು ಬೆರಳ ನಡುವೆ ತಿಕ್ಕಿ ನೋಡಿದೆ. ಬೆಳಕಿಗೆ ಹಿಡಿದೆ. ಸೀರೆಯ ಹಿಂಬದಿ ನೋಡದೆ ಮುಂಬದಿಯನ್ನು ನಂಬಬಾರದು ಎಂಬುದು ನಮ್ಮಪ್ಪ ಹೇಳಿಕೊಟ್ಟ ಪಾಠ. ಗ್ಲೌಸನ್ನೂ ಹಿಂದುಮುಂದು ಮಾಡಲು ಹೋಗಿ ಎಳೆದೆ, ಅಸ್ತರಿಯ ಐದೂ ಬೆರಳು ಕಿತ್ತುಕೊಂಡು ಹೊರಗೆ ಜೋತುಬಿದ್ದವು. ಪಾಪ, ಅಂಗಡಿಯವರು ಪೆನ್ನಿನ ಹಿಂಬದಿಯಿಂದ ಒಂದೊಂದನ್ನೇ ಒಳಗೆ ನೂಕಿ ಮೊದಲಿನಂತೆ ಕೂರಿಸುವಷ್ಟರಲ್ಲಿ ಬೇರೆ ಇಬ್ಬರು ಗಿರಾಕಿ ಬಂದು ಹೋದರು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನೂಲು ಯಾವ ಜಾತಿಯದೆಂದು ನೋಡದೆ ಬರುವುದು ಹೇಗೆ? ಪಟ್ಟಿಯ ಅಂಚಿನಿಂದ ಒಂದೆಳೆ ಕಿತ್ತು, ಜೇಬಿನಿಂದ ಬೆಂಕಿಪೆಟ್ಟಿಗೆ ತೆಗೆದು ಕಡ್ಡಿ ಗೀರಿದೆ. ಅಪ್ಪಟ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಇದು ಕರಗಿ ಕಪ್ಪು ಮಣಿಯಾಗಿ ಬೆರಳಿಗೆ ಅಂಟಿಕೊಂಡಿತು. ಇದು ಬರೀ ಪ್ಲಾಸ್ಟಿಕ್ಕು ಎಂದು ತೀರ್ಪು ಕೊಟ್ಟೆ. ಪ್ಲಾಸ್ಟಿಕ್ಕಾದ್ದರಿಂದಲೇ ನೀರು ಕುಡಿಯುವುದಿಲ್ಲ ಎಂದು ಅವರು ಮೆತ್ತಗೆ ಹೇಳಿದರು. ನಾನು ಅಜ್ಞಾನಿಯನ್ನು ಕ್ಷಮಿಸುವವರ ಹಾಗೆ ನಕ್ಕು, ಪಕ್ಕದಲ್ಲಿದ್ದ ಕಪ್ಪು ಚರ್ಮದ ಜೊತೆಯನ್ನು ಎತ್ತಿಕೊಂಡೆ. ಮೆದುವಾಗಿತ್ತು, ನುಣುಪಾಗಿತ್ತು, ಸುಟ್ಟು ನೋಡುವ ಅಗತ್ಯವೇ ಇರಲಿಲ್ಲ. ಅದು ಬಿಸಿಲಿಗೆ ಸಾರ್, ಮಳೆಗಲ್ಲ ಎಂದು ಅವರು ಎರಡು ಸಲ ಹೇಳಿದರು.

“ಎಮ್ಮೆ ಮಳೇಲಿ ನೆನೆಯಲ್ವೇ? ಅದರ ಚರ್ಮಕ್ಕೇನಾದ್ರೂ ಆಗ್ತದಾ?” ಎಂದು ಕೇಳಿದೆ.

ಅವರು ಮೂರನೆಯ ಸಲ ಹೇಳದೆ ಬಿಲ್ಲು ಬರೆದುಕೊಟ್ಟರು. ವಾದದಲ್ಲಿ ಗೆದ್ದು, ಚರ್ಮದ ಗ್ಲೌಸು ಹಿಡಿದು, ಹೊಂಗೆ ಮರದ ಹಿಂದಕ್ಕೆ ಹೋದೆ.

ಮೂರು ದಿನ ಮಳೆ ಬರಲಿಲ್ಲ. ನನ್ನ ಬೆರಳು ಬೆಚ್ಚಗಿತ್ತು, ಮಾತು ಜಾಸ್ತಿಯಾಗಿತ್ತು. ನಾಲ್ಕನೆಯ ದಿನ ಮದ್ರಾಸಿನವರು ಮತ್ತೆ ನಮ್ಮನ್ನು ನೆನೆದರು. ಅಂದು ಕೆಚ್ಚಬೇಕಾಗಿದ್ದದ್ದು ಮದುವೆ ಸೀರೆಯ ಹಾಸು, ಹಾಲಿನಂಥ ಬಿಳುಪು. ಗ್ಲೌಸು ಒದ್ದೆಯಾಗಿತ್ತು, ಆದರೂ ಬೆರಳು ಪೂರ್ತಿ ಮರಗಟ್ಟಿರಲಿಲ್ಲ. ಏಳಕ್ಕೆ ಐದು ನಿಮಿಷ ಇತ್ತು. ಮುನಿರಾಜಣ್ಣ ನೋಡಲಿ ಎಂದೇ ಗ್ಲೌಸನ್ನು ಬೀಸಾಗಿ ಕಿತ್ತು, ನೇರ ಮಗ್ಗದ ಹತ್ತಿರ ಹೋಗಿ ಕೈ ಚಾಚಿದೆ. ಸಾವಿತ್ರಿ ನನ್ನ ಎರಡೂ ಮಣಿಕಟ್ಟನ್ನು ಗಬಕ್ಕನೆ ಹಿಡಿದುಕೊಂಡಳು. ಮದುವೆಯಾದಂದಿನಿಂದ ಹತ್ತು ಜನರ ಮುಂದೆ ಅವಳು ನನ್ನ ಕೈ ಹಿಡಿದದ್ದೇ ಇಲ್ಲ. ಗಾಬರಿಯಾಗಿ ಕೆಳಗೆ ನೋಡಿದೆ. ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಎರಡೂ ಕೈ ಮಸಿಯ ಹಾಗೆ ಕಪ್ಪು.

ಸೋಪು ಹಾಕಿ ತೊಳೆದೆ, ಸೀಮೆಎಣ್ಣೆ ಹಾಕಿದೆ, ಹುಣಿಸೆಹಣ್ಣಿನಲ್ಲಿ ಉಜ್ಜಿದೆ. ಕಪ್ಪು ಬೂದುಬಣ್ಣಕ್ಕೆ ತಿರುಗಿತೇ ಹೊರತು ಬಿಡಲಿಲ್ಲ. ಸೀರೆ ಅಂಗಡಿಗೆ ಬರುವ ಹೆಂಗಸರು ಮೊಟ್ಟಮೊದಲು ಕೇಳುವುದು ಒಂದೇ ಮಾತು, ಬಣ್ಣ ಬಿಡುತ್ತಾ? ಕರವಸ್ತ್ರ ಒದ್ದೆ ಮಾಡಿ ಸೆರಗಿನ ಮೂಲೆಗೆ ತಿಕ್ಕಿ ನೋಡುತ್ತಾರೆ. ನೇಯ್ಗೆ ನೋಡಲು ಬಾರದವರ ಪರೀಕ್ಷೆ ಎಂದು ನಾನು ಅವರನ್ನು ಇಷ್ಟು ವರ್ಷ ಹಂಗಿಸುತ್ತಾ ಬಂದಿದ್ದೆ. ತಿಕ್ಕಿದವನು, ಎಳೆದವನು, ಸುಟ್ಟವನು, ಎಮ್ಮೆಯನ್ನೂ ಸಾಕ್ಷಿಗೆ ಕರೆದವನು, ಆ ಒಂದು ಮಾತು ಕೇಳುವುದನ್ನು ಮರೆತಿದ್ದೆ.

ಮುನಿರಾಜಣ್ಣ ಬಂದರು. ನನ್ನ ಕೈ ನೋಡಿದರು, ಹಾಸು ನೋಡಿದರು. ವರ್ಷದ ಕೆಲಸ ಕಣ್ಣೆದುರೇ ಮಿಷಿನ್ನಿನ ಪಾಲಾಯಿತು ಎಂದುಕೊಂಡೆ.

“ಇವರ ಕೈ ಇವತ್ತು ಆಗಲ್ಲಣ್ಣ,” ಅಂದಳು ಸಾವಿತ್ರಿ. “ನಾನೊಬ್ಳೇ ಕೆಚ್ತೀನಿ. ಸಂಜೆ ಆಗ್ತದೆ, ಆದ್ರೆ ಒಂದೆಳೆ ತಪ್ಪಲ್ಲ.”

ಆ ದಿನ ನಾನು ತೆಂಗಿನಕಾಯಿ ರಾಶಿಯ ಪಕ್ಕ, ಕೈ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಅವಳಿಗೆ ಟೀ ತಂದುಕೊಡಲೂ ಧೈರ್ಯವಾಗಲಿಲ್ಲ, ಲೋಟಕ್ಕೆ ಎಲ್ಲಿ ಬಣ್ಣ ಹತ್ತುತ್ತದೋ ಎಂದು. ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಅವಳನ್ನು ನೋಡಿ ಹೆಮ್ಮೆಯಾಗಿತ್ತು. ಮೂವತ್ತು ವರ್ಷ ಪಕ್ಕದಲ್ಲೇ ಕೂತು ಕೆಲಸ ಮಾಡಿದವನು ಅವಳ ಬೆರಳನ್ನು ಸರಿಯಾಗಿ ನೋಡಿದ್ದು ಅವತ್ತೇ. ಐದು ಗಂಟೆಗೆ ಮುಗಿಸಿದಳು. ಮಗ್ಗ ಓಡಿಸಿದರೆ ಒಂದು ಎಳೆಯೂ ಕಡಿಯಲಿಲ್ಲ. ಮುನಿರಾಜಣ್ಣ ಹೊಸ ಬಟ್ಟೆಯ ಮೇಲೆ ಕೈಯಾಡಿಸಿ, “ಅಮ್ಮನ ಕೆಲ್ಸ ನೋಡಿ ಆಯ್ತು, ಸಂಕ್ರಾಂತಿ ತನಕ ಕಾಯೋದೇನೂ ಬೇಡ. ನಿನ್ನ ಕೆಲ್ಸ ಮಾತ್ರ ಇನ್ನೂ ನೋಡ್ಬೇಕು ಕಣಪ್ಪಾ,” ಅಂದರು.

ಮುಂದಿನ ರಜೆಗೆ ಸಾವಿತ್ರಿಯೇ ನನ್ನನ್ನು ದೇವನಹಳ್ಳಿಗೆ ಹೊರಡಿಸಿ ತಾನೂ ಹಿಂದೆ ಕೂತಳು. ಮೊಪೆಡ್ಡನ್ನು ಗಾಜಿನ ಬಾಗಿಲ ಮುಂದೆಯೇ ನಿಲ್ಲಿಸಲು ಹೇಳಿದಳು. ಅಂಗಡಿಯವರು ನನ್ನನ್ನು ನೋಡಿ ಬೆಂಕಿಪೆಟ್ಟಿಗೆಗಾಗಿ ನನ್ನ ಜೇಬಿನ ಕಡೆ ಕಣ್ಣು ಹಾಯಿಸಿದರು. ಅವಳು ಬಟ್ಟೆ ಮುಟ್ಟಲಿಲ್ಲ, ನೂಲು ಕೇಳಲಿಲ್ಲ. ಮಳೆಗೆ ಯಾವುದು ಒಳ್ಳೆಯದೋ ಅದನ್ನೇ ಕೊಡಿ, ಜೊತೆಗೆ ಒಂದು ಬಕೆಟ್ ನೀರೂ ಕೊಡಿ ಎಂದಳು. ಅವರು ಕೊಟ್ಟದ್ದು ನಾನು ಸುಟ್ಟಿದ್ದ ಜೊತೆಯನ್ನೇ, ಅಂಚಿನಲ್ಲಿ ಒಂದೆಳೆ ಕಡಿಮೆ ಇತ್ತು. ಅವಳು ಕೈಗೆ ಹಾಕಿಕೊಂಡು ಮಣಿಕಟ್ಟಿನವರೆಗೆ ನೀರಿನಲ್ಲಿ ಮುಳುಗಿಸಿ, ಅಂಗಡಿಯವರ ಊರು ಕೇಳಿದಳು. ಆವತಿಯಂತೆ. ಅವರ ತಾಯಿಗೆ ಮಂಡಿನೋವಂತೆ. ಅದಕ್ಕೆ ಯಾವ ಎಣ್ಣೆ ಹಚ್ಚಬೇಕೆಂಬುದನ್ನು ಸಾವಕಾಶವಾಗಿ ಹೇಳಿ ಮುಗಿಸಿದ ಮೇಲೆ ಕೈ ಮೇಲೆತ್ತಿದಳು. ಒಳಗೆ ಒಂದು ಹನಿಯೂ ಇಳಿದಿರಲಿಲ್ಲ. ಬಿಳಿ ಕರವಸ್ತ್ರದಲ್ಲಿ ಒರೆಸಿದಳು, ಬಣ್ಣ ಬಿಡಲಿಲ್ಲ. ಅಂಗಡಿಯವರು ಸಂತೋಷದಿಂದ ಬಿಲ್ಲು ಬರೆದು, ಅಳತೆ ಸರಿಬರದಿದ್ದರೆ ಹದಿನೈದು ದಿನದೊಳಗೆ ಬಿಲ್ಲಿನ ಜೊತೆ ತನ್ನಿ, ನೀರಿಗೆ ಅದ್ದಿದ್ದರೂ ಪರವಾಗಿಲ್ಲ, ಬದಲಾಯಿಸಿಕೊಡುತ್ತೇನೆ ಎಂದರು.

ಮನೆಗೆ ಬಂದು ಹಾಕಿಕೊಂಡರೆ ನನ್ನ ಕೈ ಗೆಣ್ಣಿನಿಂದ ಮುಂದಕ್ಕೆ ಹೋಗಲಿಲ್ಲ. ಬಕೆಟ್ಟಿಗೆ ಇಳಿದದ್ದು ಅವಳ ಕೈ ತಾನೇ. ಬುದ್ಧಿವಂತರು ಇಬ್ಬರಾದಾಗ ಹೀಗೂ ಆಗುತ್ತದೆ.

ಮರುದಿನ ಕತ್ತಲಿರುವಾಗಲೇ ಹನಿಯುತ್ತಿತ್ತು. ಸಾವಿತ್ರಿ ಗ್ಲೌಸು ಹಾಕಿಕೊಂಡು, ಪಟ್ಟಿಯನ್ನು ಕೋಟಿನ ತೋಳೊಳಗೆ ತೂರಿಸಿ, ಇದು ಯಾರ ಕೈಗೆ ಆಗುತ್ತದೋ ಅವರೇ ಓಡಿಸುವುದು ಎಂದು ಮೊಪೆಡ್ಡು ಹತ್ತಿ ಕೂತಳು. ಸಂತೆಗೆ, ನೆಂಟರ ಮನೆಗೆ ಓಡಿಸಿದವಳೇ ಹೊರತು ಹೆದ್ದಾರಿಗೆ ಇಳಿದವಳಲ್ಲ. ನಾನು ಹಿಂದೆ ಕೂತು ದಾರಿಯುದ್ದಕ್ಕೂ ದೇವರ ಹೆಸರು ಹೇಳಿದೆ. ಮೂರನೆಯ ದಿನಕ್ಕೆ ನಿಲ್ಲಿಸಿದೆ, ಅಷ್ಟು ಚೆನ್ನಾಗಿ ಓಡಿಸುತ್ತಾಳೆ. ಅವಳ ಮಳೆಕೋಟಿನ ಕೆಳಗಿನಿಂದ ಕೈ ತೂರಿಸಿ ಸ್ವೆಟರಿನ ಎರಡು ಜೇಬಿಗೆ ಇಳಿಬಿಟ್ಟರೆ ಮಳೆಯೂ ಇಲ್ಲ, ಗಾಳಿಯೂ ಇಲ್ಲ. ಈಗ ಏಳು ಗಂಟೆಗೆ ಇಬ್ಬರೂ ಒಟ್ಟಿಗೇ ಕೂರುತ್ತೇವೆ, ಅವಳು ಆ ಕಡೆಯಿಂದ, ನಾನು ಈ ಕಡೆಯಿಂದ, ಮಧ್ಯಾಹ್ನದೊಳಗೆ ನಡುವೆ ಸೇರುತ್ತೇವೆ. ನನ್ನ ಕೆಲಸವನ್ನೂ ಮುನಿರಾಜಣ್ಣ ನೋಡಿಯಾಯಿತು. ಮೊನ್ನೆ ಪಕ್ಕದೂರಿನ ಶೆಡ್ಡಿನವರಿಗೂ ಅವರೇ ನಮ್ಮ ಹೆಸರು ಹೇಳಿದ್ದಾರೆ.

ಇಷ್ಟಾದ ಮೇಲೂ ಒಂದು ವಿಷಯ ಮನಸ್ಸಿಗೆ ಚುಚ್ಚುತ್ತಿತ್ತು. ಎರಡು ದಿನಕ್ಕೊಮ್ಮೆ ಸಾವಿತ್ರಿ, “ಬಿಲ್ಲು ಸಿಕ್ತೇನ್ರೀ? ದೊಡ್ಡ ಅಳತೇದು ತಂದ್ರೆ ನೀವೇ ಓಡಿಸ್ಬೋದು,” ಎನ್ನುತ್ತಿದ್ದಳು. ಹುಡುಕುತ್ತಿದ್ದೇನೆ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಬಿಲ್ಲು ಅವಳ ಸ್ವೆಟರಿನ ಬಲಗಡೆ ಜೇಬಿನಲ್ಲೇ ಇತ್ತು. ಮೊದಲ ದಿನವೇ ನನ್ನ ಬೆರಳಿಗೆ ಸಿಕ್ಕಿತ್ತು. ದಿನಾ ಸಿಗುತ್ತಿತ್ತು. ಆ ಬೆಚ್ಚನೆಯ ಜಾಗ ಬಿಟ್ಟು ಮತ್ತೆ ಹ್ಯಾಂಡಲ್ ಹಿಡಿಯಲು ಮನಸ್ಸಾಗದೆ ಸುಮ್ಮನಿದ್ದೆ. ನಿನ್ನೆಗೆ ಹದಿನೈದು ದಿನ ಮುಗಿಯಿತು. ಇನ್ನು ಭಯವಿಲ್ಲ ಎಂದು ಈ ಬೆಳಿಗ್ಗೆ ದಾರಿಯಲ್ಲಿ ಅವಳ ಕಿವಿಯ ಹತ್ತಿರ ಬಾಗಿ, ಬಿಲ್ಲು ಇಲ್ಲೇ ನಿನ್ನ ಜೇಬಿನಲ್ಲೇ ಇದೆಯಲ್ಲೇ ಎಂದು ಆಶ್ಚರ್ಯ ನಟಿಸಿದೆ.

“ಗೊತ್ತು,” ಅಂದಳು ಸಾವಿತ್ರಿ, ರಸ್ತೆಯಿಂದ ಕಣ್ಣು ತೆಗೆಯದೆ. “ಇಟ್ಟೋಳು ನಾನೇ ಅಲ್ವಾ.”

ಹೆಂಡತಿಗೆ ಮೋಸ ಮಾಡುತ್ತಿದ್ದೇನೆಂದು ಹದಿನೈದು ದಿನ ಒಳಗೊಳಗೇ ನೊಂದುಕೊಂಡದ್ದೆಲ್ಲ ದಂಡವಾಯಿತು.